ನೀರಿಲ್ಲದ ಕಾಲಕ್ಕೆ ಮಲಗುವ ಬಣ್ಣದ ಕೆಸು

"ಕುಡಿಯಾಕ ನೀರಿಲ್ಲ, ನೀವು ಚಂದಕ್ಕಂತ ಎಲಿ ಬೆಳಿಯಾಕ ಹತ್ತೀರಲ್ರೀ!" ನಮ್ಮ ಹಿತ್ತಲಿಗೆ ಬಂದವರು ಹೀಗೆ ಅನ್ನದೆ ಹೋಗುವುದಿಲ್ಲ. ನಮ್ಮದು ಹುನಗುಂದ ಕಡೆಯ ಎರೆಭೂಮಿ. ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ.ನ ಆಸುಪಾಸು. ಹಾಗಾಗಿ ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಬಣ್ಣದ ಕೆಸುವಿಗೆ ನೀರು ಬೇಕಾಗುವುದು ಮಳೆಗಾಲದಲ್ಲಿ. ನಮಗೆ ನೀರು ಸಾಲದ ಬೇಸಿಗೆಯಲ್ಲಿ ಅದು ಗಡ್ಡೆಯಾಗಿ ಮಲಗಿರುತ್ತದೆ.

ನರ್ಸರಿಯವರು ಇದನ್ನು ಕ್ಯಾಲಾಡಿಯಂ ಅನ್ನುತ್ತಾರೆ. ಮೂಲ ದಕ್ಷಿಣ ಅಮೆರಿಕದ ಕಾಡು. ಕೆಸು, ಸುವರ್ಣಗಡ್ಡೆಗಳ ಕುಟುಂಬದ್ದೇ. ಬಾಣದ ತುದಿಯಂಥ ಎಲೆ. ಅದರಲ್ಲಿ ಕೆಂಪು, ಗುಲಾಬಿ, ಬಿಳಿ ಬಣ್ಣ. ಅಮೆರಿಕದ ಫ್ಲಾರಿಡಾದ ಲೇಕ್ ಪ್ಲಾಸಿಡ್ ಎಂಬ ಊರಿನ ಸುತ್ತ ಇದರ ಗಡ್ಡೆಯನ್ನೇ ಹೊಲಗಟ್ಟಲೆ ಬೆಳೆದು ಮಾರುತ್ತಾರೆ.

ನಾನು ಕೆಟ್ಟು ಕಲಿತದ್ದು

ಮೊದಲ ವರ್ಷ ಐದು ಗಿಡ ತಂದೆ. ಶ್ರಾವಣದಲ್ಲಿ ನೋಡಿದವರೆಲ್ಲ ಹೊಗಳಿದರು. ದೀಪಾವಳಿ ಮುಗಿಯುತ್ತಲೇ ಎಲೆ ಹಳದಿಯಾಗಿ ಮಲಗಿದವು. ನೀರು ಸಾಲದಾಗಿದೆ ಎಂದುಕೊಂಡು ಮೂರು ಕುಂಡಕ್ಕೆ ದಿನಾ ನೀರು ಹಾಕಿದೆ. ಉಳಿದೆರಡು ಸತ್ತವೆಂದು ದನದ ಕೊಟ್ಟಿಗೆಯ ಮೂಲೆಗೆ ಸರಿಸಿದೆ. ನೀರು ಹಾಕಿದ ಮೂರೂ ಕೊಳೆತು ನಾರಿದವು. ಕೊಟ್ಟಿಗೆಯ ಎರಡು, ಮರುವರ್ಷ ರೋಹಿಣಿ ಮಳೆಯ ಹನಿ ತಾಕಿದ್ದೇ ತಡ, ಸುರುಳಿ ಎಲೆ ಹೊರಹಾಕಿದವು! ಎಲೆ ಬಿದ್ದರೆ ಗಿಡ ಸತ್ತಿತೆಂದು ಅರ್ಥವಲ್ಲ. ಮಲಗಿದ ಗಡ್ಡೆಗೆ ನೀರು ಹಾಕುವುದೇ ಅದನ್ನು ಕೊಲ್ಲುವ ದಾರಿ.

ಜಾಗ ಮತ್ತು ಮಣ್ಣು

ಎಲೆಬಳ್ಳಿ ತೋಟದವರಿಗೆ ನೆರಳಿನ ಹದ ಹೇಳಿಕೊಡಬೇಕಿಲ್ಲ. ಚೊಗಚೆ, ನುಗ್ಗೆಗಳ ಕೆಳಗೆ ವೀಳ್ಯದೆಲೆಗೆ ಸಿಗುವಂಥ ಜಾಳು ನೆರಳೇ ಇದಕ್ಕೂ ಬೇಕು. ಬೆಳಗಿನ ಎಳೆ ಬಿಸಿಲು ಬಿದ್ದರೆ ಒಳ್ಳೆಯದು. ಮಧ್ಯಾಹ್ನದ ಬಿಸಿಲಿಗೆ ಎಲೆಯಂಚು ಸುಡುತ್ತದೆ. ತೀರ ಕತ್ತಲೆಯಾದರೆ ದಂಟು ಉದ್ದವಾಗಿ ಬಾಗುತ್ತದೆ. ಆಷಾಢದ ಪಡುವಣ ಗಾಳಿ ಎಲೆ ಹರಿಯುವುದರಿಂದ ಮನೆಯ ಪೂರ್ವ ಅಥವಾ ಉತ್ತರದ ಗೋಡೆಯ ಪಕ್ಕ ಇಡುವುದು ಲೇಸು.

ಬರೀ ಎರೆಮಣ್ಣು ಆಗದು. ಮಳೆ ಹಿಡಿದಾಗ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಮಸಾರಿ ಮಣ್ಣು, ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮಸಮ ಬೆರೆಸಿ. ಬಾದಾಮಿ ಕಡೆ ಕೆಂಪು ಮರಳುಮಣ್ಣು ಇದ್ದವರು ಉಸುಕು ಕಡಿಮೆ ಮಾಡಬಹುದು. ಕುಂಡದ ತಳದ ತೂತಿನ ಮೇಲೆ ಒಡೆದ ಹಂಚಿನ ಚೂರು ಇರಲಿ.

ನೆಡುವುದು, ಸಾಕುವುದು

ಮೇ ಕೊನೆ ಅಥವಾ ಜೂನ್ ಮೊದಲಲ್ಲಿ, ಕಣ್ಣು ಮೇಲಾಗಿ, ಎರಡು ಇಂಚು ಆಳಕ್ಕೆ ನೆಡಿ. ಚಿಗುರು ಕಾಣುವವರೆಗೆ ಮಣ್ಣು ಬರೀ ತೇವ ಇದ್ದರೆ ಸಾಕು. ಎಲೆ ಬಂದ ಮೇಲೆ ಮಣ್ಣಿನ ಮೇಲ್ಪದರು ಒಣಗಿದಾಗ ನೀರು ಕೊಡಿ. ಉಪ್ಪು ಬೋರಿನ ನೀರಿಗೆ ಎಲೆಯಂಚು ಕರಕಲಾಗುತ್ತದೆ. ಮಾಳಿಗೆಯಿಂದ ಇಳಿಯುವ ಮಳೆನೀರು, ಅಕ್ಕಿ-ಕಾಯಿಪಲ್ಲೆ ತೊಳೆದ ನೀರು ಹಾಕಿ. ಸಾಬೂನು ಬೆರೆತ ಬಚ್ಚಲ ನೀರು ಬೇಡ.

ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ಯೂರಿಯಾ ಕೊಟ್ಟರೆ ಎಲೆಗೆ ಹಸಿರು ಏರಿ ಬಣ್ಣ ಮಾಸುತ್ತದೆ. ಹೂದಂಡೆ ಬಂದರೆ ಚಿವುಟಿಬಿಡಿ, ಗಡ್ಡೆ ದಪ್ಪವಾಗುತ್ತದೆ.

ಮಲಗಿಸುವುದು, ಹೆಚ್ಚಿಸುವುದು

ಹಿಂಗಾರಿ ಮಳೆ ಮುಗಿದು ಎಲೆ ಹಳದಿಯಾಗತೊಡಗಿದಾಗ ನೀರು ಇಳಿಸುತ್ತ ಬಂದು ನಿಲ್ಲಿಸಿ. ಎಲೆ ಪೂರ್ತಿ ಒಣಗಿದ ಮೇಲೆ ಕುಂಡವನ್ನು ಹಾಗೆಯೇ ಮಳೆ, ಚಳಿ ತಾಕದ ಕಡೆ ಇಡಿ. ನೆಲದಲ್ಲಿದ್ದರೆ ಅಗೆದು, ನೆರಳಲ್ಲಿ ಒಣಗಿಸಿ, ಒಣ ಉಸುಕಿನಲ್ಲಿ ಹುಗಿದಿಡಿ. ಬನಶಂಕರಿ ಜಾತ್ರೆ ಹೊತ್ತಿಗೆ ಅದಕ್ಕೆ ಗಾಢನಿದ್ದೆ. ನಡುವೆ ಎಬ್ಬಿಸಬೇಡಿ.

ಹೆಚ್ಚಿಸುವುದಿದ್ದರೆ ನೆಡುವ ಮುಂಚೆ ಗಡ್ಡೆಯನ್ನು ತುಂಡಿಗೆ ಒಂದೆರಡು ಕಣ್ಣು ಬರುವಂತೆ ಕೊಯ್ಯಿರಿ. ಕೊಯ್ದ ಜಾಗಕ್ಕೆ ಬೂದಿ ಹಚ್ಚಿ, ಎರಡು ದಿನ ನೆರಳಲ್ಲಿ ಆರಿಸಿ ನೆಡಿ. ನಮ್ಮ ಹಿತ್ತಲು ತುಂಬಿದ್ದು ಆ ಎರಡು ಗಡ್ಡೆಗಳಿಂದಲೇ.

ಎಚ್ಚರಿಕೆ

ಇದು ತಿನ್ನುವ ಕೆಸು ಅಲ್ಲ. ಎಲೆ, ದಂಟು, ಗಡ್ಡೆ ಎಲ್ಲದರಲ್ಲೂ ಸೂಜಿಯಂಥ ಸಣ್ಣ ಹರಳುಗಳಿವೆ. ಅಗಿದರೆ ಬಾಯಿ ಉರಿದು ಬಾಯುತ್ತದೆ. ಚಿಕ್ಕ ಮಕ್ಕಳು, ಆಡು, ಕರು ಮುಟ್ಟದ ಕಡೆ ಇಡಿ. ಮಗು ಕಚ್ಚಿದರೆ ಬಾಯಿ ತೊಳೆಸಿ. ಬಾವು ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಒಯ್ಯಿರಿ. ಗಡ್ಡೆ ಕೊಯ್ಯುವಾಗ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡರೆ ತುರಿಕೆ ತಪ್ಪುತ್ತದೆ.

ಇದರಿಂದ ಹೊಟ್ಟೆ ತುಂಬುತ್ತದೆಂದು ಹೇಳಲಾರೆ. ಗಣೇಶ ಚೌತಿ ಹೊತ್ತಿಗೆ ಬಣ್ಣ ಏರಿದ ಕುಂಡಗಳನ್ನು ನಮ್ಮ ಮನೆಯವರು ಇಳಕಲ್ಲಿನ ಪರಿಚಯದ ಮನೆಗಳಿಗೆ ಕೊಡುತ್ತಾರೆ. ಆ ದುಡ್ಡು ಅವರದೇ. ನಾನು ಲೆಕ್ಕ ಕೇಳುವುದಿಲ್ಲ. ಹೊಸಬರು ಒಮ್ಮೆಲೇ ಹತ್ತು ಕುಂಡ ತರಬೇಡಿ. ಮಳೆಗಾಲದಲ್ಲಿ ಎಲೆಯ ಬಣ್ಣ ನೋಡಿ ಎರಡು ತನ್ನಿ. ಅವು ಒಂದು ಬೇಸಿಗೆ ಮಲಗಿ ಎದ್ದ ಮೇಲೆ ಹೆಚ್ಚಿಸಿಕೊಂಡರಾಯಿತು.