ಮರೆಯಾದ ಕರೆಯ ಜಾಡು

ಗಣಕದ ಪ್ರೋಗ್ರಾಮೊಂದರಲ್ಲಿ ಯಲ್ಲಾಪುರ, ಶಿರಸಿ, ಸಿದ್ದಾಪುರ ಎಂಬ ಮೂರು ಫಂಕ್ಷನ್‌ಗಳಿವೆಯೆಂದು ಭಾವಿಸೋಣ. ಆ ಊರುಗಳು ಹಾದಿಯಲ್ಲಿರುವ ಕ್ರಮದಲ್ಲಿಯೇ ಒಂದು ಮುಂದಿನದನ್ನು ಕರೆಯಲಿ. ಪ್ರತಿ ಕರೆಯಲ್ಲಿಯೂ ಮರಳಬೇಕಾದ ವಿಳಾಸವು ‘ಸ್ಟ್ಯಾಕ್’ ಎಂಬ ಪೇರಿಕೆಯನ್ನು ಸೇರುತ್ತದೆ. ಸಿದ್ದಾಪುರದಲ್ಲಿ ಕೆಲಸವು ಮುರಿದುಬಿದ್ದರೆ, ಈ ವಿಳಾಸಗಳನ್ನು ಮೇಲಿನಿಂದ ಓದಿ ನಾವು ಬಂದ ಹಾದಿಯನ್ನು ತಿಳಿಯುತ್ತೇವೆ.

ಆದರೆ ವೇಗಕ್ಕಾಗಿ ಕಂಪೈಲರು ಶಿರಸಿಯ ಆದೇಶಗಳನ್ನು ಯಲ್ಲಾಪುರದೊಳಗೇ ಬೆಸೆದುಬಿಡುವುದುಂಟು, ಇದೇ ‘ಇನ್‌ಲೈನಿಂಗ್’. ಆಗ ಶಿರಸಿಗೆ ಕರೆಯೂ ಇಲ್ಲ, ಪೇರಿಕೆಯಲ್ಲಿ ಗುರುತೂ ಇಲ್ಲ. ತಪ್ಪು ಶಿರಸಿಯದಾದರೂ ಅಪವಾದವು ಯಲ್ಲಾಪುರದ ಮೇಲೆ!

ಪರಿಹಾರವೇನು? ಯಾವ ಆದೇಶವು ಯಾವ ಫಂಕ್ಷನ್ನಿನ ಯಾವ ಸಾಲಿನದು, ಎಲ್ಲಿ ಬೆಸೆಯಲ್ಪಟ್ಟಿತು ಎಂಬ ಪಟ್ಟಿಯನ್ನು ಕಂಪೈಲರೇ ಬರೆದಿಡಬೇಕು. 2017ರಲ್ಲಿ ಐದನೆಯ ಆವೃತ್ತಿಯನ್ನು ಕಂಡ ‘ಡ್ವಾರ್ಫ್’ ಮಾದರಿಯಲ್ಲಿ ಇದಕ್ಕೆ ಅವಕಾಶವಿದೆ. ಪಟ್ಟಿಯನ್ನು ದೋಷ ಕಂಡಾಗ ಮಾತ್ರ ಓದುವುದರಿಂದ ವೇಗಕ್ಕೆ ಕುಂದಿಲ್ಲ.