ಪ್ರಾಜೆಕ್ಟಿಗೊಂದು ಪ್ರತ್ಯೇಕ ಎನ್ವಿರಾನ್‌ಮೆಂಟ್ ಬೇಕೇ?

ಪ್ರಶ್ನೆ: ಅಡಿಕೆಯ ಎಲೆಚುಕ್ಕಿ ರೋಗವನ್ನು ಫೋಟೋ ನೋಡಿ ಗುರುತಿಸುವ ಪೈಥಾನ್ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಬೇರೊಂದು ಪ್ರಾಜೆಕ್ಟಿಗಾಗಿ ಹೊಸ ಲೈಬ್ರರಿ ಹಾಕಿದ ಮೇಲೆ ಇದು ಓಡುತ್ತಿಲ್ಲ, ನಂಪೈ ಎರರ್ ಬರುತ್ತಿದೆ. ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೋ ಎನ್ನುತ್ತಾರೆ. ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ, ಮನೆಯಲ್ಲಿ ನೆಟ್ ಅಷ್ಟಕ್ಕಷ್ಟೆ. ಅದು ಬೇಕೇ ಬೇಕೇ?
– ಕಡಬದ ವಿದ್ಯಾರ್ಥಿನಿ, ಪುತ್ತೂರು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಪುತ್ತೂರು, ಸುಳ್ಯದ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮಾಡುವ ನಿಮ್ಮಂಥವರಿಗೆ ಇದು ಸಹಜವಾಗಿಯೇ ಎದುರಾಗುವ ತೊಡಕು. ತಪ್ಪು ನಿಮ್ಮ ಕೋಡಿನದ್ದಾಗಿರಲಾರದು.

ಪೈಥಾನ್ ಲೈಬ್ರರಿಗಳನ್ನು ಇಳಿಸಿ ಹಾಕುವ ಪಿಪ್ ಸಾಮಾನ್ಯವಾಗಿ ಅವೆಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಇಡುತ್ತದೆ. ಅಲ್ಲಿ ಒಂದು ಲೈಬ್ರರಿಯ ಒಂದೇ ಆವೃತ್ತಿಗೆ ಜಾಗ. 2024ರ ಜೂನ್‌ನಲ್ಲಿ ನಂಪೈ ಲೈಬ್ರರಿಯ 2.0 ಆವೃತ್ತಿ ಬಂದಾಗ, 1ರ ಸರಣಿಯನ್ನು ನಂಬಿದ್ದ ಎಷ್ಟೋ ಲೈಬ್ರರಿಗಳು ಅದರೊಂದಿಗೆ ಹೊಂದಲಿಲ್ಲ. ನಿಮ್ಮ ಹೊಸ ಪ್ರಾಜೆಕ್ಟ್ ನಂಪೈಯನ್ನು ಮೇಲೇರಿಸಿರಬೇಕು, ಹಳೆಯದು ಅಲ್ಲಿಗೇ ನಿಂತಿತು. ಆದ್ದರಿಂದ, ಹೌದು, ಪ್ರತಿ ಪ್ರಾಜೆಕ್ಟಿಗೂ ತನ್ನದೇ ಲೈಬ್ರರಿ ಫೋಲ್ಡರ್ ಕೊಡುವ ವರ್ಚುವಲ್ ಎನ್ವಿರಾನ್‌ಮೆಂಟ್ ಬೇಕೇ ಬೇಕು.

ಇದಕ್ಕೆ ಬೇಕಾದ ವೆನ್ವ್ 2012ರ ಪೈಥಾನ್ 3.3ರಿಂದಲೂ ಪೈಥಾನ್ ಜೊತೆಗೇ ಬರುತ್ತದೆ. ವಿಎಸ್ ಕೋಡ್‌ನಲ್ಲಿ ಪ್ರಾಜೆಕ್ಟ್ ಫೋಲ್ಡರ್ ತೆರೆದು, ಕಮಾಂಡ್ ಪ್ಯಾಲೆಟ್‌ನಲ್ಲಿ ‘ಪೈಥಾನ್: ಕ್ರಿಯೇಟ್ ಎನ್ವಿರಾನ್‌ಮೆಂಟ್’ ಆರಿಸಿ. ಆಮೇಲೆ ಹೊಸ ಟರ್ಮಿನಲ್ ತೆರೆದರೆ ಸಾಲಿನ ಆರಂಭದಲ್ಲಿ ಕಂಸದೊಳಗೆ ಅದರ ಹೆಸರು ಕಾಣಬೇಕು. ಕಂಡ ಮೇಲೆಯೇ ಪಿಪ್ ಬಳಸಿ. ನಿಮ್ಮ ಹಳೆಯ ಪ್ರಾಜೆಕ್ಟಿಗೆ ನಂಪೈ 1.26 ಹಾಕಿ ನೋಡಿ. ಅದು ಪೈಥಾನ್ 3.12ರವರೆಗೆ ಮಾತ್ರ ಹೊಂದುತ್ತದೆ. ನಿಮ್ಮಲ್ಲಿ ಅದಕ್ಕಿಂತ ಹೊಸದಿದ್ದರೆ 3.12ನ್ನೂ ಹಾಕಿಕೊಂಡು ಅದರಿಂದಲೇ ಎನ್ವಿರಾನ್‌ಮೆಂಟ್ ಮಾಡಬೇಕು.

‘ವರ್ಚುವಲ್’ ಎಂದಾಕ್ಷಣ ವರ್ಚುವಲ್ ಮಷೀನ್ ಎಂದುಕೊಳ್ಳುವವರಿದ್ದಾರೆ. ಇದು ಅದಲ್ಲ. ಒಳಗೆ ಇನ್ನೊಂದು ವಿಂಡೋಸ್ ಓಡುವುದಿಲ್ಲ, ವೈರಸ್ ತಡೆಯುವ ಗೋಡೆಯೂ ಅಲ್ಲ. ಲೈಬ್ರರಿಗಳು ಎಲ್ಲಿರಬೇಕು, ಯಾವ ಪೈಥಾನ್ ಓಡಬೇಕು, ಇಷ್ಟನ್ನೇ ಅದು ಬದಲಿಸುತ್ತದೆ. ಖಾಲಿ ಎನ್ವಿರಾನ್‌ಮೆಂಟ್ ಚಿಕ್ಕದೇ. ಟೆನ್ಸರ್‌ಫ್ಲೋದಂಥ ದೊಡ್ಡ ಲೈಬ್ರರಿ ಮಾತ್ರ ಪ್ರತಿ ಎನ್ವಿರಾನ್‌ಮೆಂಟಿನಲ್ಲೂ ಬೇರೆಯಾಗಿ ಜಾಗ ಹಿಡಿಯುತ್ತದೆ, ನಿಮ್ಮ ಆ ಚಿಂತೆ ನ್ಯಾಯವೇ. ನೆಟ್ ಬಗ್ಗೆ ಅಷ್ಟು ಅಂಜಬೇಕಾಗಿಲ್ಲ: ಒಮ್ಮೆ ಇಳಿಸಿದ್ದನ್ನು ಪಿಪ್ ಕ್ಯಾಶ್‌ನಲ್ಲಿ ಉಳಿಸಿಕೊಂಡಿರುತ್ತದೆ. ಅದೇ ಆವೃತ್ತಿ ಇನ್ನೊಂದು ಪ್ರಾಜೆಕ್ಟಿಗೆ ಬೇಕಾದರೆ ಸಾಮಾನ್ಯವಾಗಿ ಮತ್ತೆ ಇಳಿಸುವುದಿಲ್ಲ.

ಇನ್ನು, ಎನ್ವಿರಾನ್‌ಮೆಂಟಿನ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಲ್ಯಾಬಿಗೆ ಒಯ್ಯಬೇಡಿ. ಅದರೊಳಗೆ ನಿಮ್ಮ ಲ್ಯಾಪ್‌ಟಾಪಿನ ವಿಳಾಸಗಳೇ ಬರೆದಿರುತ್ತವೆ, ಬೇರೆಡೆ ಕೆಲಸ ಮಾಡುವುದಿಲ್ಲ. ‘ಪಿಪ್ ಫ್ರೀಜ್’ ಕೊಡುವ ಪಟ್ಟಿಯನ್ನು ರಿಕ್ವೈರ್‌ಮೆಂಟ್ಸ್ ಎಂಬ ಟೆಕ್ಸ್ಟ್ ಫೈಲಿನಲ್ಲಿ ಉಳಿಸಿ, ಅದನ್ನೂ ಕೋಡನ್ನೂ ಮಾತ್ರ ಒಯ್ಯಿರಿ. ಲ್ಯಾಬಿನಲ್ಲಿ ಹೊಸ ಎನ್ವಿರಾನ್‌ಮೆಂಟ್ ಮಾಡಿ, ಆ ಪಟ್ಟಿಯಿಂದಲೇ ಎಲ್ಲವನ್ನೂ ಹಾಕಿಕೊಳ್ಳಬಹುದು.