ಮೂರನೆಯ ಭಾಷೆಯ ಜಾಗದಲ್ಲಿ ರಿಟೇಲ್

ಎಸ್ಸೆಸ್ಸೆಲ್ಸಿಯಲ್ಲಿ ಹಿಂದಿ ಇಲ್ಲ, ಉರ್ದು ಇಲ್ಲ, ಹಾಗಾದರೆ ಏನು ಓದಿದೆ ಎಂದು ಕಾಲೇಜಿಗೆ ಬಂದ ಹೊಸದರಲ್ಲಿ ಗೆಳೆಯರು ನನ್ನನ್ನು ಕೇಳುತ್ತಿದ್ದರು. ನಾನು ಓದಿದ್ದು ರಿಟೇಲ್, ಅಂದರೆ ಚಿಲ್ಲರೆ ವ್ಯಾಪಾರ. ನನ್ನ ಅಂಕಪಟ್ಟಿಯಲ್ಲಿ ಮೂರನೆಯ ಭಾಷೆಯ ಜಾಗದಲ್ಲಿ ಆ ವಿಷಯವಿದೆ. ತಮ್ಮ ಈಗ ಎಂಟನೆಯ ತರಗತಿಯಲ್ಲಿದ್ದಾನೆ, ಬರುವ ವರ್ಷ ಅವನೂ ಇದರಲ್ಲೊಂದು ಆರಿಸಬೇಕು. ನಿಮ್ಮ ಮನೆಯಲ್ಲೂ ಅಂಥವರು ಇರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಕೇಂದ್ರ ಸರ್ಕಾರ 2013ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟನ್ನು ಪ್ರಕಟಿಸಿತು. ಎನ್‌ಎಸ್‌ಕ್ಯೂಎಫ್ ಎಂದು ಶಿಕ್ಷಕರು ಕರೆಯುವುದು ಇದನ್ನೇ. ಅದರ ಪ್ರಕಾರ ನಮ್ಮ ರಾಜ್ಯದ ಕೆಲವು ಪ್ರೌಢಶಾಲೆಗಳಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯವರು ಮೂರನೆಯ ಭಾಷೆಯ ಬದಲು ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೋಮೊಬೈಲ್, ಆರೋಗ್ಯ ಸೇವೆ, ಸೌಂದರ್ಯ ಮತ್ತು ಸ್ವಾಸ್ಥ್ಯ ಇಂಥ ವಿಷಯಗಳಲ್ಲಿ ಒಂದನ್ನು ಓದಬಹುದು. ಎಲ್ಲ ಶಾಲೆಗಳಲ್ಲೂ ಎಲ್ಲವೂ ಇರುವುದಿಲ್ಲ. ಪಾಠದ ಜೊತೆ ಪ್ರಾಯೋಗಿಕವೂ ಇರುತ್ತದೆ. ಕೈಕೆಲಸದ ಮೂಲಕ ಕಲಿಸಬೇಕೆಂಬ ವಿಚಾರ ಹೊಸದಲ್ಲ. 1937ರಲ್ಲಿ ಗಾಂಧೀಜಿ ವರ್ಧಾದಲ್ಲಿ ಅದನ್ನೇ ಮುಂದಿಟ್ಟರು. ಅದಕ್ಕೆ ಪಠ್ಯಕ್ರಮ ರೂಪಿಸಿದ ಸಮಿತಿಯ ಅಧ್ಯಕ್ಷರು ಡಾ. ಜಾಕಿರ್ ಹುಸೇನ್, ಮುಂದೆ ರಾಷ್ಟ್ರಪತಿಯಾದವರು.

ರಿಟೇಲ್ ಎಂದರೆ ಅಂಗಡಿಯಲ್ಲಿ ನಿಂತು ಮಾರುವುದು, ಅದಕ್ಕೆ ಪುಸ್ತಕ ಯಾಕೆ ಎಂದು ಮೊದಲು ನಾನೂ ಅಂದುಕೊಂಡಿದ್ದೆ. ಅಬ್ಬಾ ಇಳಕಲ್ಲಿನಿಂದ ಸೀರೆ ತಂದು ರಾಮಥಾಳದ ಸುತ್ತಿನ ಹಳ್ಳಿಗಳಲ್ಲಿ ಮಾರುತ್ತಾರೆ. ಮೋಟಾರ್ ಸೈಕಲ್ಲಿನ ಹಿಂದೆ ಗಂಟು, ಅದೇ ಅಂಗಡಿ. ಒಂಬತ್ತರಲ್ಲಿ ನಾವು ಖಾಲಿ ಪೆಟ್ಟಿಗೆಗಳನ್ನು ಸಾಲಾಗಿಟ್ಟು, ಬೆಲೆಚೀಟಿ ಅಂಟಿಸಿ, ಒಬ್ಬರು ಗಿರಾಕಿ ಒಬ್ಬರು ಅಂಗಡಿಯವರಾಗಿ ಬಿಲ್ಲು ಬರೆಯುತ್ತಿದ್ದೆವು. ಆಟದ ಹಾಗಿತ್ತು. ಒಂದು ದಿನ ಸರ್ ಬೋರ್ಡಿನ ಮೇಲೆ ಬರೆದರು: ಕೊಂಡ ಬೆಲೆ 800 ರೂಪಾಯಿ, ಮಾರಾಟ ಬೆಲೆಯ ಮೇಲೆ ಲಾಭ ಶೇ. 20 ಬರಬೇಕು, ಬೆಲೆ ಎಷ್ಟು ಇಡುತ್ತೀರಿ?

ನಾನು ಥಟ್ಟನೆ 960 ಎಂದೆ. 800ರ ಶೇ. 20 ಎಂದರೆ 160, ಕೂಡಿಸಿದರೆ 960. ತಪ್ಪು. 160ನ್ನು 960ಕ್ಕೆ ಭಾಗಿಸಿದರೆ ಬರುವುದು ಶೇ. 16.67 ಮಾತ್ರ. ಲಾಭವನ್ನು ಕೊಂಡ ಬೆಲೆಯ ಮೇಲೆ ಎಣಿಸುವುದು ಬೇರೆ, ಮಾರಾಟ ಬೆಲೆಯ ಮೇಲೆ ಎಣಿಸುವುದು ಬೇರೆ. ಮಾರಾಟ ಬೆಲೆ 100 ಆದರೆ ಲಾಭ 20, ಕೊಂಡದ್ದು 80. ಹಾಗಾಗಿ 800ಕ್ಕೆ ಕೊಂಡದ್ದನ್ನು 1,000ಕ್ಕೆ ಮಾರಬೇಕು. ಅದೇ 200 ರೂಪಾಯಿ ಲಾಭ ಕೊಂಡ ಬೆಲೆಯ ಮೇಲೆ ಶೇ. 25, ಮಾರಾಟ ಬೆಲೆಯ ಮೇಲೆ ಶೇ. 20. ಭಿನ್ನರಾಶಿಯಲ್ಲಿ ನೆನಪಿಡುವುದು ಸುಲಭ: ಕೊಂಡ ಬೆಲೆಯ 1/4 ಎಂದರೆ ಮಾರಾಟದ 1/5, 1/3 ಎಂದರೆ 1/4, 1/5 ಎಂದರೆ 1/6. ಕೆಳಗಿನ ಅಂಕಿಗೆ ಒಂದು ಕೂಡಿಸಿದರೆ ಸಾಕು. ಲೆಕ್ಕಶಾಸ್ತ್ರದಲ್ಲಿ ಒಟ್ಟು ಲಾಭದ ಅನುಪಾತಕ್ಕೆ ಬಂದಾಗ ಇದು ನಿಮಗೆ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅಲ್ಲಿ ಎಣಿಸುವುದು ಮಾರಾಟದ ಮೇಲೆ.

ಆ ಸಂಜೆ ಮನೆಗೆ ಹೋಗಿ ಅಬ್ಬಾ ಅವರನ್ನು ಕೇಳಿದೆ. ಅವರು ಎಲ್ಲ ಸೀರೆಗೂ ಕೊಂಡ ಬೆಲೆಯ ಮೇಲೆ ಶೇ. 20 ಹಾಕಿ ಬೆಲೆ ಹೇಳುತ್ತಿದ್ದರು. ರಂಜಾನ್ ತಿಂಗಳಲ್ಲಿ "ನೂರಕ್ಕೆ ಇಪ್ಪತ್ತು ಬಿಟ್ಟರೆ ಬರೀ ಲಾಭ ಹೋಗುತ್ತೆ, ಅಸಲು ಉಳಿಯುತ್ತೆ" ಎಂದು ಗಿರಾಕಿಗಳಿಗೆ ಶೇ. 20 ಬಿಡುತ್ತಿದ್ದರು. ನಾನು ವಹಿಯ ಹಿಂದಿನ ಹಾಳೆಯಲ್ಲಿ ಬರೆದು ತೋರಿಸಿದೆ. 960ರಲ್ಲಿ ಶೇ. 20 ಎಂದರೆ 192. ಕೈಗೆ ಬರುವುದು 768. ಒಂದು ಸೀರೆಗೆ 32 ರೂಪಾಯಿ ಅಸಲಿನಲ್ಲೇ ಹೋಯಿತು, ಪೆಟ್ರೋಲು ಬೇರೆ. ಆ ರಂಜಾನಿನಲ್ಲಿ ಹಾಗೆ ಮಾರಿದ್ದು 15 ಸೀರೆ, ಒಟ್ಟು 480 ರೂಪಾಯಿ. ಅಬ್ಬಾ ಎರಡು ಸಲ ತಾವೇ ಲೆಕ್ಕ ಹಾಕಿದರು. ಬೈಯಲಿಲ್ಲ, ಹೊಗಳಲೂ ಇಲ್ಲ. ಮರುವರ್ಷ ಶೇ. 10 ಮಾತ್ರ ಬಿಟ್ಟರು.

ಇಷ್ಟು ಹೇಳಿದ ಮೇಲೆ ತಮ್ಮನಿಗೂ ರಿಟೇಲನ್ನೇ ತೆಗೆದುಕೋ ಎನ್ನಬೇಕಲ್ಲವೇ? ಅಷ್ಟು ಸುಲಭವಾಗಿ ಬಾಯಿಗೆ ಬರುತ್ತಿಲ್ಲ.

ಹೋದ ವರ್ಷ ದಾದಾ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ಹಳೆಯ ಉದ್ರಿ ವಹಿ ಸಿಕ್ಕಿತು. ಅಂಕಿಗಳೆಲ್ಲ ತಿಳಿದವು. ಯಾರಿಗೋ ಕೊಟ್ಟದ್ದು ಎಡಕ್ಕೆ, ಬಂದದ್ದು ಬಲಕ್ಕೆ. ಪಡೆಯುವವರಿಗೆ ಖರ್ಚು, ಕೊಡುವವರಿಗೆ ಜಮಾ ಎಂದು ನಾವು ಮೊದಲ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ಅಲ್ಲೇ ಇತ್ತು. ಆದರೆ ಹೆಸರುಗಳು ಉರ್ದುವಿನಲ್ಲಿದ್ದವು. ಮನೆಯಲ್ಲಿ ದಿನವಿಡೀ ಉರ್ದು ಮಾತಾಡುವ ನನಗೆ ಒಂದು ಹೆಸರೂ ಓದಲು ಬರಲಿಲ್ಲ. ನಮ್ಮ ಹೈಸ್ಕೂಲಿನಲ್ಲಿ ಉರ್ದು ಕಲಿಯುವ ಅವಕಾಶವಿತ್ತು, ಬಿಟ್ಟವರು ನಾವೇ. "ಮಾತು ಬರುತ್ತಲ್ಲ, ಅಕ್ಷರ ಯಾಕೆ" ಎಂದು ಆಗ ಅಮ್ಮಿಗೆ ನಾನೇ ಹೇಳಿದ್ದೆ. ಈಗ ಅಮ್ಮಿ ಬಳಿ ಭಾನುವಾರ ಅಲಿಫ್ ಬೇ ಕಲಿಯುತ್ತಿದ್ದೇನೆ. ಬಿಡಿ ಅಕ್ಷರ ಗುರುತಾಗುತ್ತದೆ, ಕೂಡಿಸಿ ಬರೆದರೆ ತಡವರಿಸುತ್ತೇನೆ.

ಭಾಷೆಯನ್ನು ಬಿಟ್ಟು ಕಸುಬು, ಕಸುಬನ್ನು ಬಿಟ್ಟು ಭಾಷೆ ಎಂಬ ಏರ್ಪಾಡೇ ನನಗೆ ಸರಿ ಕಾಣುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೆಯ ತರಗತಿಯವರು ಹತ್ತು ದಿನ ಬ್ಯಾಗಿಲ್ಲದೆ ಬಂದು ಊರಿನ ಕಸುಬುದಾರರ ಬಳಿ ಕಲಿಯಬೇಕೆಂದಿದೆ. ಅದಾದರೆ ಯಾವ ಭಾಷೆಯನ್ನೂ ಬಿಡಬೇಕಿಲ್ಲ. ನಮ್ಮ ಭಾಗದಲ್ಲಿ ಕಸುಬುದಾರರಿಗೇನು ಕೊರತೆ? ಇಳಕಲ್ಲಿನಲ್ಲಿ ಸೀರೆಯ ಮೈಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವವರಿದ್ದಾರೆ. ರಾಮಥಾಳದ ಹನಿ ನೀರಾವರಿ ಯೋಜನೆ 24,000 ಹೆಕ್ಟೇರಿನದು, ನಾರಾಯಣಪುರ ಜಲಾಶಯದ ಹಿನ್ನೀರು ಪೈಪಿನಲ್ಲಿ ಹೊಲಕ್ಕೆ ಬರುವಂತೆ ರೂಪಿಸಿದ್ದು. ವಿಜ್ಞಾನದ ಒತ್ತಡದ ಪಾಠವನ್ನು ಅಲ್ಲಿ ನಿಂತು ಮಾಡಬಹುದು.

ತಮ್ಮ ಜೂನ್‌ನಲ್ಲಿ ಫಾರಂ ತುಂಬಬೇಕು. ಶೇ. 20ರ ಲೆಕ್ಕವನ್ನು ಅವನಿಗೆ ಈಗಲೇ ಕಲಿಸಿದ್ದೇನೆ, ಅದಕ್ಕೆ ಎರಡು ಸಂಜೆ ಸಾಕಾಯಿತು. ಉರ್ದು ಅಕ್ಷರ ಕಲಿಯಲು ನನಗೆ ಆರು ತಿಂಗಳಾಯಿತು, ಇನ್ನೂ ವಹಿಯ ಮೂರನೆಯ ಪುಟದಲ್ಲಿದ್ದೇನೆ. ಎರಡನ್ನೂ ಅವನ ಮುಂದೆ ಇಟ್ಟಿದ್ದೇನೆ, ಆರಿಸುವವನು ಅವನು.